ಬಂಡಿಯೆತ್ತರದ ನೆಲ

ಸುಣ್ಣ ಅರಳುವ ವಾಸನೆ ಹೇಗಿರುತ್ತದೆಂದು ಈಗಿನವರಿಗೆ ಹೇಳುವುದು ಕಷ್ಟ. ಸುಟ್ಟ ಕಲ್ಲಿನ ಮೇಲೆ ನೀರು ಬಿದ್ದ ಕೂಡಲೇ ಬುಸ್ಸೆಂದು ಹಬೆ ಏಳುತ್ತದೆ, ಗಂಟಲಿಗೆ ತುಸು ಖಾರ ತಾಕುತ್ತದೆ, ಅದರ ಬೆನ್ನಿಗೇ ಹಸಿ ಮಣ್ಣಿನಂಥ ಒಂದು ತಂಪು ಬರುತ್ತದೆ. ಹೋದ ತಿಂಗಳು ಕಲಬುರಗಿಯ ನಮ್ಮ ಓಣಿಯಲ್ಲಿ ಹಳೆಯ ಮಠದ ಗೋಡೆ ದುರಸ್ತಿಗೆಂದು ಗೌಂಡಿಗಳು ತೊಟ್ಟಿ ತುಂಬ ಸುಣ್ಣದ ಕಲ್ಲು ಹಾಕಿ ನೀರು ಬಿಟ್ಟಿದ್ದರು. ಕಾಯಿಪಲ್ಲೆ ತರಲು ಹೊರಟವಳು ಅಲ್ಲೇ ನಿಂತುಬಿಟ್ಟೆ. "ಜರಾ ದೂರ ನಿಂದರ್ರಿ ಅಮ್ಮಾ, ಕಣ್ಣಿಗಿ ಸಿಡೀತದ" ಅಂದ ಒಬ್ಬ. ದೂರ ಸರಿದೆ. ಕಾಯಿಪಲ್ಲೆ ಮರೆತು ಮನೆಗೆ ಬಂದೆ. ಇಡೀ ದಿನ ನನ್ನ ತಲೆಯಲ್ಲಿ ಸೇಡಂ ಇತ್ತು. ಸೇಡಂನಲ್ಲಿ ನಾನು ಕಳೆದ ಆ ಒಂದೂವರೆ ವರ್ಷ.

ಮೊದಲ ಚುನಾವಣೆ ಮುಗಿದ ಮರುವರ್ಷ ಅದು. ಹೈದರಾಬಾದ್ ರಾಜ್ಯ ಇನ್ನೂ ಇತ್ತು. ಅಂಗಡಿ ಕಚೇರಿಗಳ ಉರ್ದು ಹಲಗೆಗಳ ಪಕ್ಕದಲ್ಲಿ ಕನ್ನಡದವು ಒಂದೊಂದಾಗಿ ಏಳುತ್ತಿದ್ದವು. ನನಗೆ ಆಗಷ್ಟೇ ಮಾಸ್ತರಿಕೆ ಸಿಕ್ಕಿತ್ತು, ಸೇಡಂನ ಕನ್ನಡ ಹೆಣ್ಣುಮಕ್ಕಳ ಶಾಲೆಗೆ. ದಸರೆ ಕಳೆದ ಮೇಲೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ದಾಟಿ, ಸೇಡಂ ಸ್ಟೇಷನ್ನಿನಲ್ಲಿ ಇಳಿದೆ. ಕರೆದೊಯ್ಯಲು ಅಕ್ಕನ ಗಂಡ ಬಂದಿದ್ದರು. ಅವರನ್ನು ನಾನು ಮಾಮಾ ಅನ್ನುತ್ತಿದ್ದೆ.

ಅಕ್ಕನ ಮನೆ ಸೇಡಂನಲ್ಲಿ ಇದ್ದದ್ದರಿಂದಲೇ ಅಪ್ಪ ನನ್ನನ್ನು ಅಷ್ಟು ದೂರ ಕಳಿಸಲು ಒಪ್ಪಿದ್ದು. ಅವ್ವ ತೀರಿಕೊಂಡಾಗ ನಾನು ತೀರಾ ಸಣ್ಣವಳು. ನನ್ನ ತಲೆ ಬಾಚಿದಾಕೆ, ನನಗೆ ಸೀರೆ ಉಡಲು ಕಲಿಸಿದಾಕೆ, ಹೈದರಾಬಾದಿನಲ್ಲಿ ಟ್ರೇನಿಂಗಿಗೆ ಕಳಿಸಿರಿ ಎಂದು ಅಪ್ಪನ ಹತ್ತಿರ ಹಟ ಹಿಡಿದಾಕೆ ಎಲ್ಲ ಗಂಗಕ್ಕನೇ. ಮಾಮಾ ಹೈದರಾಬಾದಿನಲ್ಲಿ ಕಟ್ಟಡದ ನಕ್ಷೆ ತೆಗೆಯುವುದನ್ನು ಕಲಿತು ಬಂದವರು, ಓವರ್ಸಿಯರ್ ಕೆಲಸ. ಸಣ್ಣ ಆಳು, ಉದ್ದನೆಯ ಬೆರಳು. ಆ ಬೆರಳುಗಳಲ್ಲಿ ಪೆನ್ಸಿಲ್ ಹಿಡಿದರೆ ನೋಡುತ್ತ ಕೂಡಬೇಕು ಅನ್ನಿಸುತ್ತಿತ್ತು.

ಶಾಲೆ ಇದ್ದದ್ದು ಒಂದು ಹಳೆಯ ಗಾಣದ ಮನೆಯಲ್ಲಿ. ಗಾಣ ತೆಗೆದು ಎಷ್ಟೋ ಕಾಲವಾಗಿದ್ದರೂ ನೆಲ ಜಿಡ್ಡು ಬಿಟ್ಟಿರಲಿಲ್ಲ. ಹುಡುಗಿಯರ ಲಂಗ, ಪಾಟಿ, ಪುಸ್ತಕ ಎಲ್ಲಕ್ಕೂ ಕುಸುಬಿ ಎಣ್ಣೆಯ ವಾಸನೆ. ಬೆಳಕಿಗೆ ಇದ್ದದ್ದು ಬಾಗಿಲೊಂದೇ. ಬಾಗಿಲ ಹತ್ತಿರ ಕೂತವರಿಗೆ ಅಕ್ಷರ ಕಾಣುತ್ತಿತ್ತು, ಒಳಗೆ ಕೂತವರು ಕೇಳಿಸಿಕೊಂಡು ಕಲಿಯುತ್ತಿದ್ದರು. ಸ್ವಲ್ಪ ದೊಡ್ಡವರಾದ ಹುಡುಗಿಯರನ್ನು ಅಂಥಲ್ಲಿಗೆ ಕಳಿಸಲು ಊರಿನವರಿಗೆ ಮನಸ್ಸಿರಲಿಲ್ಲ. ಬಸಣ್ಣ ಎಂಬ ರೈತನ ಮಗಳು ಶರಣಮ್ಮ ನನ್ನ ಶಾಲೆಯಲ್ಲಿ ಎಲ್ಲರಿಗಿಂತ ದೊಡ್ಡವಳು, ಎಲ್ಲರಿಗಿಂತ ಚುರುಕು. ಬಸಣ್ಣ ಬಂದು ನೇರ ಹೇಳಿಬಿಟ್ಟ. "ಅಕ್ಕೋರೆ, ಪೋರಿ ದೊಡ್ಡಾಕಿ ಆಗ್ಯಾಳ. ಹೋಗಾವರು ಬರಾವರು ನೋಡೋ ಜಗಾದಾಗ ಕೂಡಸಾಂಗಿಲ್ಲ. ಸುತ್ತ ಗ್ವಾಡಿ ಇರೋ ಸಾಲಿ ಆದ್ರ ಕಳಸ್ತೀನಿ, ಇಲ್ಲಂದ್ರ ಬರೋ ವರ್ಷ ಲಗ್ನ ಮಾಡ್ತೀನಿ."

ವೀರಭದ್ರಪ್ಪ ಸಾವ್ಕಾರ್ರು ತಾಯಿಯ ಹೆಸರಿನಲ್ಲಿ ಒಂದು ಹೆಣ್ಣುಮಕ್ಕಳ ಶಾಲೆ ಕಟ್ಟಿಸುತ್ತೇನೆ ಎಂದಾಗ ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ವಚನ. ಸುತ್ತಲ ಹಳ್ಳಿಗಳ ತೊಗರಿಯೆಲ್ಲ ಅವರ ಅಡತಿ ಅಂಗಡಿಗೇ ಮಾರಾಟಕ್ಕೆ ಬರುತ್ತಿತ್ತು. ಜಾಗ ಬೇಕಿತ್ತು. ಸ್ಟೇಷನ್ನಿನ ರಸ್ತೆಗೆ ಹತ್ತಿಕೊಂಡಂತೆ ನೀಲಮ್ಮನ ಬಯಲಿತ್ತು. ನೀಲಮ್ಮ ಗಂಡ ಸತ್ತ ಮೇಲೆ ಎಮ್ಮೆ ಸಾಕಿ, ಹೊಲ ಮಾಡಿಸಿ ಬದುಕಿದ ಗಟ್ಟಿ ಹೆಂಗಸು. ಅವಳ ಒಬ್ಬಳೇ ಮಗಳು ಸಣ್ಣ ವಯಸ್ಸಿಗೆ ಮದುವೆಯಾಗಿ ಬಾಣಂತನದಲ್ಲಿ ಹೋಗಿದ್ದಳು. ಸಾವ್ಕಾರ್ರ ಮನೆಯಲ್ಲಿ ಹಿರಿಯರೆಲ್ಲ ಕೂತಿದ್ದ ಕಟ್ಟೆಯ ಮುಂದೆ ನೀಲಮ್ಮ ತಲೆ ಮೇಲೆ ಸೆರಗು ಹೊದ್ದು ನಿಂತು ಹೇಳಿದಳು. "ನನ್ನ ಮಗಳಿಗಿ ಓದಾಕ ಆಸೆ ಇತ್ತು, ನಾ ಓದಸಲಿಲ್ಲ. ಈ ಜಗಾ ಹೆಣ್ಣಕೂಸುಗಳ ಸಾಲಿಗಿ ಕೊಡ್ತೀನಿ. ಬ್ಯಾರೆ ಯಾತಕ್ಕೂ ಅಲ್ಲ." ಸಾವ್ಕಾರ್ರು ಎರಡೂ ಕೈ ಚಾಚಿ ಅವಳು ಮಾತು ಕೊಟ್ಟು ನೀಡಿದ ವೀಳ್ಯ ತೆಗೆದುಕೊಂಡರು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದ್ದೇನೆ.

ನಕ್ಷೆಯ ಕೆಲಸ ಮಾಮಾ ಒಪ್ಪಿಕೊಂಡರು. ಅಂದೇ ಸಂಜೆ ನನ್ನನ್ನು ಕರೆದು, "ಸುಶೀಲಾ, ಸಾಲ್ಯಾಗ ಕೂಡಾಕಿ ನೀ. ಹುಡುಗ್ಯಾರು ಹ್ಯಾಂಗ ಕೂಡತಾವ, ಎಲ್ಲಿ ಓಡತಾವ, ಯಾವ ಹೊತ್ತಿಗಿ ನಿದ್ದಿ ಬರ್ತದ, ಎಲ್ಲ ನಿನಗ ಗೊತ್ತದ. ನನ್ನ ಜೋಡಿ ಕುಂದ್ರು" ಅಂದರು.

ಆ ಚಳಿಗಾಲ ನನ್ನ ಬದುಕಿನಲ್ಲಿಯೇ ಸುಖದ ಕಾಲ. ಹಾಗೆಂದು ಹೇಳಲು ಈಗಲೂ ಸಂಕಟವಾಗುತ್ತದೆ, ಆದರೂ ಸುಳ್ಳು ಹೇಳಲಾರೆ. ಶಾಲೆ ಬಿಟ್ಟು ಬಂದು ಚಹಾ ಕುಡಿದ ಮೇಲೆ ಪಡಸಾಲೆಯಲ್ಲಿ ಕಾಗದ ಹಾಸಿ ಕೂಡುತ್ತಿದ್ದೆವು. ಮಾಮಾ ಪುಸ್ತಕದ ಮಾತು ಆಡುತ್ತಿರಲಿಲ್ಲ. ಒಮ್ಮೆ ಅಂಗಳದಲ್ಲಿ ಇದ್ದಿಲಿನಿಂದ ಒಂದು ಚೌಕ ಬರೆದರು, ಪಕ್ಕದಲ್ಲಿ ಉದ್ದನೆಯದೊಂದು. ತಮ್ಮ ಮಗನ ಜೊತೆ ಓಣಿಯ ಮಕ್ಕಳನ್ನೂ ಕರೆದು ಚೌಕದೊಳಗೆ ಕೂಡಿಸಿದರು. ಮಕ್ಕಳು ತಾವಾಗಿಯೇ ಗುಂಡಗೆ ಕೂತು ಒಬ್ಬರ ಮುಖ ಒಬ್ಬರು ನೋಡಿದರು. ಉದ್ದದ್ದರಲ್ಲಿ ಕೂಡಿಸಿದರೆ ಸಾಲಾಗಿ ಕೂತು, ಮುಂದಿನವರ ಬೆನ್ನು ನೋಡಿದರು. "ನಾ ಏನರ ಹೇಳಿದ್ನೇನು?" ಅಂದರು ಮಾಮಾ. "ಜಗಾನೇ ಹೇಳ್ತು. ಚೌಕ ಇದ್ದಲ್ಲಿ ಮಂದಿ ಕೂಡತಾರ, ಉದ್ದ ಇದ್ದಲ್ಲಿ ಸಾಗತಾರ. ಗುಡಿ ಉದ್ದ ಇರಲಿ, ದೇವರ ಕಡಿಗಿ ಸಾಗಬೇಕು. ಓದೋ ಕೋಣಿ ಚೌಕ ಇರಬೇಕು."

ಇನ್ನೊಂದು ದಿನ ಬಣ್ಣದ ಪಾಠ. ಅಕ್ಕನ ಕಪ್ಪಂಚಿನ ಕಡುಗೆಂಪು ಇಳಕಲ್ ಸೀರೆಯನ್ನು ಪಡಸಾಲೆಯ ಆ ತುದಿಯ ಗೋಡೆಗೆ ಇಳಿಬಿಟ್ಟು, ನನ್ನನ್ನು ಈ ತುದಿಯಲ್ಲಿ ನಿಲ್ಲಿಸಿದರು. ಆಮೇಲೆ ಸೀರೆ ತೆಗೆದು ತಮ್ಮ ಬಿಳಿ ಧೋತರ ಹಾಕಿದರು. ಗೋಡೆ ಹಿಂದೆ ಸರಿದಂತಾಯಿತು. ಅದೇ ಗೋಡೆ, ಅದೇ ಪಡಸಾಲೆ. ನಾನು ಕಣ್ಣುಜ್ಜಿಕೊಂಡೆ. ಒಳಗಿನಿಂದ ಅಕ್ಕ, "ನನ್ನ ಲಗ್ನದ ಸೀರಿ ನಿಮ್ಮ ಗ್ವಾಡಿಗಿ ಸುತ್ತಾಕ ಅದ ಏನ್ರಿ?" ಎಂದು ಕೂಗಿದಳು. ಮೂವರೂ ನಕ್ಕೆವು. ಸೇಡಂನ ಬಿಸಿಲಿಗೆ ಪಡುವಣ ಗೋಡೆ ಬೆಳ್ಳಗಿರಬಾರದು, ಮಧ್ಯಾಹ್ನದ ಮೇಲೆ ಮಕ್ಕಳ ಕಣ್ಣು ಚುಚ್ಚುತ್ತದೆ ಎಂದು ಮಾಮಾ ಹೇಳಿದರು. ಸುಣ್ಣಕ್ಕೆ ಏನು ಕೂಡಿಸಿದರೆ ಕಣ್ಣಿಗೆ ಹಿತ ಎಂದು ನಾನು ಹುಡುಗಿಯರನ್ನು ಕೇಳಿದೆ. ಶರಣಮ್ಮ ಕೋಡ್ಲಾ ಕಡೆಯ ಹೊಲದಿಂದ ಸೆರಗಿನಲ್ಲಿ ಹಳದಿ ಮಣ್ಣು ಕಟ್ಟಿಕೊಂಡು ಬಂದಳು. ಅದನ್ನು ಸೋಸಿ ಸುಣ್ಣಕ್ಕೆ ಕಲಸಿ ಗಾಣದ ಮನೆಯ ಗೋಡೆಗೆ ಒಂದು ಅಂಗೈಯಷ್ಟು ಬಳಿದು ನೋಡಿದೆವು. ಒಣಗಿದಾಗ ಅದು ಬೆಣ್ಣೆಯ ಬಣ್ಣಕ್ಕೆ ತಿರುಗಿತು. ಮಾಮಾ ಬಂದು ನೋಡಿ, ತಲೆ ವಾರೆ ಮಾಡಿ, "ಮುಗೀತು, ಇದೇ ಬಣ್ಣ" ಅಂದರು. ಶರಣಮ್ಮನ ಮುಖ ನೋಡಬೇಕಿತ್ತು.

ಹೀಗೆ ನಕ್ಷೆ ತಯಾರಾಯಿತು. ನಡುವೆ ಅಂಗಳ, ಅಂಗಳದಲ್ಲಿ ಮೊದಲೇ ಇದ್ದ ಬೇವಿನ ಮರ. ಅದರ ಎದುರಿಗೆ ಸಾಲಾಗಿ ಮೂರು ಚೌಕದ ಕೋಣೆಗಳು. ನೆಲದ ಮೇಲೆ ಕೂತ ಹುಡುಗಿಗೆ ಅಂಗಳ ಕಾಣುವಂತೆ ಒಳಮುಖಕ್ಕೆ ತಗ್ಗಿನ ಅಗಲ ಕಿಟಕಿ. ರಸ್ತೆಯ ಕಡೆ ಗಟ್ಟಿ ಗೋಡೆ, ಸಣ್ಣ ಬಾಗಿಲು. ಬಾಗಿಲ ಹಿಂದೆ ಒಂದು ಅಡ್ಡಗೋಡೆ, ರಸ್ತೆಯಲ್ಲಿ ಹೋಗುವವರ ಕಣ್ಣು ಒಳಗೆ ಬೀಳದಂತೆ. ಒಂದೇ ಮೆಟ್ಟಿಲು ಹತ್ತಿದರೆ ನೆಲ. ಬಸಣ್ಣನಿಗೆ ತೋರಿಸಿದೆವು. ನಕ್ಷೆ ಅವನಿಗೆ ತಿಳಿಯಲಿಲ್ಲ, ಮಾಮಾ ಬಯಲಿನಲ್ಲಿ ಕೋಲಿನಿಂದ ಗೆರೆ ಎಳೆದು, "ಇಲ್ಲಿ ನಿನ್ನ ಮಗಳು ಕೂಡತಾಳ, ರಸ್ತಾದಾಗ ನಿಂತು ನೋಡು, ಕಾಣಸ್ತಾಳೇನು?" ಅಂದರು. ಬಸಣ್ಣ ರಸ್ತೆಗೆ ಹೋಗಿ ಬಗ್ಗಿ ಎದ್ದು ನೋಡಿ ಬಂದು, "ಹಂಗಂದ್ರ ಕಳಸ್ತೀನ್ರಿ" ಅಂದ.

ಶಿವರಾತ್ರಿ ಕಳೆದ ಮೇಲೆ ಪಾಯ ಬಿತ್ತು. ಊರೇ ಎದ್ದು ನಿಂತಿತು. ಶಹಾಬಾದಿನಿಂದ ಬಂದ ಫರಸಿ ಕಲ್ಲನ್ನು ಸ್ಟೇಷನ್ನಿನಿಂದ ರೈತರು ತಮ್ಮ ತಮ್ಮ ಬಂಡಿಯಲ್ಲಿ ಹೇರಿಕೊಂಡು ತಂದರು, ಕೂಲಿ ಬೇಡವೆಂದರು. ಒಣಗಿದಾಗ ಬೂದಿ ಬಣ್ಣದ ಆ ಕಲ್ಲಿನ ಮೇಲೆ ಮಾಮಾ ತಂಬಿಗೆ ನೀರು ಸುರಿದು, ಅದು ನವಿಲಿನ ಕತ್ತಿನ ಬಣ್ಣಕ್ಕೆ ತಿರುಗುವುದನ್ನು ಹುಡುಗಿಯರಿಗೆ ತೋರಿಸಿದರು. ಸುಣ್ಣದ ತೊಟ್ಟಿಗೆ ನೀಲಮ್ಮನ ಬಾವಿಯಿಂದ ಹೆಂಗಸರು ಸಾಲಾಗಿ ನೀರು ಹೊತ್ತರು. ಬೆಳಗಿನ ಹೊತ್ತು ಶಾಲೆ ಮುಗಿಸಿ ನನ್ನ ಹುಡುಗಿಯರೂ ಹೊಸ ಗೋಡೆಗಳಿಗೆ ನೀರುಣಿಸಲು ಓಡುತ್ತಿದ್ದರು. ತಮ್ಮ ಶಾಲೆ ಎಂದುಕೊಂಡೇ ಓಡುತ್ತಿದ್ದರು.

ಬೇಸಿಗೆ ಏರುತ್ತಿದ್ದಂತೆ ಗೋಡೆ ಏರಿತು. ಒಂದು ದಿನ ಹೋಗಿ ನೋಡಿದರೆ ನೆಲದ ಮಟ್ಟ ನನ್ನ ಸೊಂಟದವರೆಗೆ ಬಂದಿದೆ. "ಒಂದ ಮೆಟ್ಟಲ ಅಂದಿದ್ರಿ ಮಾಮಾ?" ಅಂದೆ. "ಕಾಗಿಣಾ ಹೊಳಿ ಸೊಕ್ಕಿದ್ರ ನೀರು ಎಲ್ಲೀತನ ಬರ್ತದ ಯಾರಿಗಿ ಗೊತ್ತದ? ಎತ್ತರ ಇದ್ದಷ್ಟು ಚಲೋ. ಮೆಟ್ಟಲ ಆಮ್ಯಾಲ ಕಟ್ಟಸಾಮು" ಅಂದರು. ಸರಿ ಎನಿಸಿತು. ಮುಂದೆ ಕೋಣೆಗಳ ನಡುವಿನ ಗೋಡೆಗಳು ಏಳಲೇ ಇಲ್ಲ. ಶಾರದಾ ಪೂಜೆಗೆ, ಸಭೆಗೆ ಒಂದು ದೊಡ್ಡ ಜಾಗ ಇರಲಿ, ಬೇಕಾದಾಗ ಪರದೆ ಹಾಕಿದರಾಯಿತು ಅಂದರು. ಕಿಟಕಿಗಳು ಬರಬೇಕಾದಲ್ಲಿ ಬರದೆ ಮೇಲೆ ಮೇಲೆ ಹೋಗಿ, ತಲೆಗಿಂತ ಎತ್ತರದಲ್ಲಿ ಸಣ್ಣ ಸಣ್ಣ ಕಂಡಿಗಳಾಗಿ ನಿಂತವು. ಆಗ ಯಾಕೆ ಯಾಕೆ ಎಂದು ನಿಜವಾಗಿಯೂ ಅವರನ್ನು ಕಾಡಿದೆ. ಮಾಮಾ ನನ್ನ ಕಡೆ ನೋಡದೆ, ಗೋಡೆಯ ನೇರ ನೋಡಲು ಹಿಡಿದಿದ್ದ ತೂಗುಗುಂಡಿನ ದಾರ ಸುತ್ತುತ್ತ, "ಹುಡುಗ್ಯಾರ ಮರ್ಯಾದಿ ಪ್ರಶ್ನೆ ಅದವಾ. ಗಾರಿ ಕೆಲಸದವರು, ಹಮಾಲರು ಅಂಗಳದಾಗ ಬರ್ತಾರ. ಮ್ಯಾಲಿಂದ ಬಿದ್ದ ಬೆಳಕು ಭಾಳ ತಂಪು, ನೋಡು ಬೇಕಾದ್ರ" ಅಂದರು. ಊರಿನವರು ಕೇಳಿದಾಗ ಇದೇ ಮಾತನ್ನು ನಾನು ಮನೆ ಮನೆಗೆ ಹೋಗಿ ಹೇಳಿದೆ. ನಿಮ್ಮ ಮಕ್ಕಳ ಮಾನಕ್ಕೆಂದೇ ಕಿಟಕಿ ಎತ್ತರ ಇಟ್ಟಿದ್ದಾರೆ ಎಂದೆ. ತಾಯಂದಿರು ಖುಷಿಪಟ್ಟರು. ಮಾಮಾ ತಮ್ಮ ಮಾತನ್ನು ನನ್ನ ಬಾಯಿಂದ ಊರಿಗೆ ಹೇಳಿಸುತ್ತಿದ್ದಾರೆಂದು ನನಗೆ ತಿಳಿಯುವ ದಾರಿಯೇ ಇರಲಿಲ್ಲ. ನನಗೆ ಕಟ್ಟಡ ಓದಲು ಕಲಿಸಿದವರು ಅವರೇ ಅಲ್ಲವೆ.

ಮಳೆಗೆ ಮುಂಚೆ ಮೇಲೆ ತೊಲೆ ಹಾಕಿ ಫರಸಿ ಹೊದಿಸಿದರು. ಮಳೆಗಾಲ ಜೋರಾಗಿಯೇ ಆಯಿತು. ಕಾಗಿಣಾ ಕೆಂಪಾಗಿ ಹರಿದಳು. ಶಾಲೆಯ ಬಯಲಿನ ಹತ್ತಿರವೂ ಸುಳಿಯಲಿಲ್ಲ. ಗಾಣದ ಮನೆಯಲ್ಲಿ ನೀರು ಸೋರಿ ಹುಡುಗಿಯರು ಮೂಲೆಗೆ ಮುದುರಿ ಕೂಡುತ್ತಿದ್ದರು. ದೀಪಾವಳಿಗೆ ಹೊಸ ಶಾಲೆ ಎಂದು ನಾನು ಸಮಾಧಾನ ಹೇಳುತ್ತಿದ್ದೆ. ಆ ತಿಂಗಳುಗಳಲ್ಲಿ ಬೇವಿನ ಮರ ಕಡಿದರು. ಬೇರು ಗೋಡೆ ಸೀಳುತ್ತದೆ ಎಂದರು ಮಾಮಾ. ರಸ್ತೆಯ ಸಣ್ಣ ಬಾಗಿಲು ಹೋಗಿ ದೊಡ್ಡ ಜೋಡುಬಾಗಿಲು ಬಂತು, ಅದರ ಹಿಂದಿನ ಅಡ್ಡಗೋಡೆ ಬರಲಿಲ್ಲ. ಸಂಜೆ ಪಡಸಾಲೆಯಲ್ಲಿ ಕಾಗದ ಹಾಸಿ ಕೂಡುವುದೂ ನಿಂತಿತು. ಕೆಲಸ ಭಾಳ, ದಣಿವು ಭಾಳ ಅನ್ನುತ್ತಿದ್ದರು. ಅಕ್ಕ ನನ್ನ ತಟ್ಟೆಗೆ ಮೊದಲಿಗಿಂತ ಹೆಚ್ಚು ತುಪ್ಪ ಬಡಿಸುತ್ತಿದ್ದಳು.

ದೀಪಾವಳಿ ಕಳೆಯಿತು. ಬಣ್ಣದ ಮಾತೇ ಬರಲಿಲ್ಲ. ಒಂದು ಮಧ್ಯಾಹ್ನ ನಾನೇ ಶರಣಮ್ಮನನ್ನು ಕರೆದುಕೊಂಡು ಹೋದೆ, ಪಡುವಣ ಗೋಡೆಗೆ ಎಷ್ಟು ಮಣ್ಣು ಬೇಕಾದೀತು ಎಂದು ಅಂದಾಜು ನೋಡಲು. ಆಗಲೇ ಸುಣ್ಣದ ಚೀಲ ತುಂಬಿದ ಬಂಡಿಯೊಂದು ಬಂತು. ಜೋಡುಬಾಗಿಲಲ್ಲಿ ಆರಾಮಾಗಿ ಒಳಗೆ ಬಂತು. ಬೇವಿನ ಮರ ಇದ್ದ ಜಾಗದಲ್ಲಿ ಎತ್ತುಗಳು ಸಲೀಸಾಗಿ ತಿರುಗಿದವು. ಬಂಡಿಯ ಹಿಂಭಾಗ ಕಟ್ಟಡದ ನೆಲಕ್ಕೆ ಬಂದು ತಾಗಿತು. ಬಂಡಿಯ ಹಲಗೆಯೂ ನೆಲವೂ ಒಂದೇ ಮಟ್ಟ. ಬಂಡಿಯವನು ಚೀಲ ಎತ್ತಲಿಲ್ಲ, ಹೊರಲಿಲ್ಲ. ಎಳೆದ, ಅದು ಜಾರಿ ಒಳಗೆ ಹೋಯಿತು.

"ಮಸ್ತ ಎತ್ತರ ಇಟ್ಟಾರ ನೋಡ್ರಿ ಅಕ್ಕೋರೆ" ಅಂದ ಅವನು, ಬೆವರು ಒರೆಸಿಕೊಳ್ಳುತ್ತ. "ತೊಗರಿ ಬರೋ ಟೈಮಿಗಿ ನಮ್ಮ ನಡ ಉಳೀತು."

"ಯಾರ ತೊಗರಿ?" ಅಂದೆ.

ಅವನು ನನ್ನ ಮುಖ ನೋಡಿದ. ಏನೋ ಆಡಬಾರದ್ದು ಆಡಿದೆ ಎಂದು ಅವನಿಗೆ ಅನ್ನಿಸಿರಬೇಕು. "ಸಾವ್ಕಾರ್ರದು ರೀ... ಗೋದಾಮ ಅಲ್ಲೇನ್ರಿ ಇದು?" ಅಂದವನು ಎತ್ತುಗಳ ಕಡೆ ತಿರುಗಿಕೊಂಡ.

ಅಲ್ಲಿ ನಿಂತೇ ಇಡೀ ಕಟ್ಟಡವನ್ನು ಇನ್ನೊಮ್ಮೆ ನೋಡಿದೆ. ಬಂಡಿಯೆತ್ತರಕ್ಕೆ ನೆಲ. ಚೀಲಗಳನ್ನು ಥಪ್ಪಿಯಾಗಿ ಒಂದರ ಮೇಲೊಂದು ಒಟ್ಟಲು ಉದ್ದನೆಯ ಒಂದೇ ಕೋಣೆ. ಗೋಡೆಗೆ ಒರಗಿಸಿದ ಚೀಲಗಳ ಮೇಲೆ ಗಾಳಿ ಆಡಲು ಎತ್ತರದ ಕಂಡಿಗಳು. ಎತ್ತು ತಿರುಗಲು ಬಯಲು. ಯಾವುದೂ ತಪ್ಪಾಗಿರಲಿಲ್ಲ. ತನ್ನ ಕೆಲಸಕ್ಕೆ ಅಷ್ಟು ಸರಿಯಾಗಿ ಕಟ್ಟಿದ ಕಟ್ಟಡವನ್ನು ನಾನು ಸೇಡಂನಲ್ಲಿ ಬೇರೆ ಕಂಡಿರಲಿಲ್ಲ. ಮಾಮಾ ಒಳ್ಳೆಯ ಕೆಲಸಗಾರರು. ಶರಣಮ್ಮ ನನ್ನ ಸೆರಗು ಹಿಡಿದು, "ಅಕ್ಕೋರೆ, ಮಣ್ಣು ಎಷ್ಟು ತರಲಿ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು.

ಮನೆಗೆ ಹೋದಾಗ ಮಾಮಾ ಕಟ್ಟೆಯ ಮೇಲೆ ಕೂತು ಕಾಲು ತೊಳೆಯುತ್ತಿದ್ದರು. ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ನಿಂತಲ್ಲಿಯೇ ಕೇಳಿದೆ.

"ಸಾಲಿ ಕಟ್ಟೀರೋ, ಗೋದಾಮ ಕಟ್ಟೀರೋ?"

ಅವರು ತಂಬಿಗೆ ಕೆಳಗಿಟ್ಟರು. "ಈ ಒಂದ ಸುಗ್ಗಿ ಅಷ್ಟೇ. ಪೀಕು ಭಾಳ ಚಲೋ ಅದ ಈ ವರ್ಷ, ಸಾವ್ಕಾರ್ರಿಗಿ ಜಗಾ ಸಾಲಂಗಿಲ್ಲ. ಸುಗ್ಗಿ ಮುಗದ ಮ್ಯಾಲ..."

"ಒಂದ ಸುಗ್ಗಿಗಿ ನೆಲ ಎತ್ತರ ಮಾಡತಾರೇನ್ರಿ? ಮರ ಕಡೀತಾರೇನು?"

ಮಾಮಾ ದನಿ ತಗ್ಗಿಸಿದರು. "ಪಾಯ ಬೀಳೋತನ ಸಾಲಿನೇ ಇತ್ತು, ಶಿವನಾಣೆ. ನಂತರ ಅವರು ಮನಸ್ಸು ಬದಲಿ ಮಾಡಿದ್ರು. ಜಗಾ ಸ್ಟೇಷನ್ನಿಗಿ ಸಮೀಪ ಅದ, ಸಾಲಿ ಎಲ್ಲರ ಕಟ್ಟಬಹುದು ಅಂದ್ರು. ನಾ ಏನ ಮಾಡ್ಲಿ?"

"ನನಗ ಹೇಳಬೇಕಿತ್ತು."

"ಹೇಳಿದ್ರ ನೀ ಊರಿಗೆಲ್ಲ ಹೇಳ್ತಿದ್ದಿ."

"ಕಿಟಕಿ ಯಾಕ ಎತ್ತರ ಅಂದಾಗ ಹುಡುಗ್ಯಾರ ಮರ್ಯಾದಿ ಅಂದ್ರಿ. ಅದರ ಬದಲಿ ಬಾಯಿ ಮುಚಗೊಂಡು ಇರು ಅಂದಿದ್ರೂ ನಡೀತಿತ್ತು."

ಅವರು ಮತ್ತೆ ತಂಬಿಗೆ ಎತ್ತಿಕೊಂಡು ಕಾಲಿಗೆ ನೀರು ಹಾಕಿಕೊಂಡರು. ಒಳಗೆ ರೊಟ್ಟಿಯ ಸದ್ದು ನಿಲ್ಲಲೇ ಇಲ್ಲ. ನಾನು ಅಷ್ಟು ಜೋರಾಗಿ ಮಾತಾಡಿದರೂ ಅಕ್ಕ ಹೊರಗೆ ಬರಲಿಲ್ಲ ಎಂಬುದು ಆ ಹೊತ್ತಿನಲ್ಲಿ ನನ್ನ ಗಮನಕ್ಕೆ ಬರಲಿಲ್ಲ.

ನೇರ ನೀಲಮ್ಮನ ಮನೆಗೆ ಹೋದೆ. ಅವಳು ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಕೈ ತೊಳೆದುಕೊಂಡು, "ನಾಳಿ ಮುಂಜಾನಿ ಕೂಸುಗಳ್ನ ಕರಕೊಂಡು ಅಲ್ಲಿಗೇ ಬಾ. ಬಾಗಲಾ ನಾ ತೆಗೀತೀನಿ" ಅಂದಳು.

ಮರುದಿನ ನೀಲಮ್ಮ ಮುಂದೆ, ನಾನು ಹಿಂದೆ, ನಡುವೆ ಪಾಟಿ ಹಿಡಿದ ಹುಡುಗಿಯರು. ಮೆಟ್ಟಿಲಿರಲಿಲ್ಲ. ಕಲ್ಲು ಒಟ್ಟಿಕೊಂಡು, ಒಬ್ಬರನ್ನೊಬ್ಬರು ಎಳೆದುಕೊಂಡು ಹತ್ತಿದರು. ಅವರಿಗೆ ಅದೂ ಆಟವೇ. ಹೊಸ ಫರಸಿಯ ನೆಲದ ಮೇಲೆ ಅಂಗೈ ಒತ್ತಿ, "ಎಷ್ಟು ತಣ್ಣಗ ಅದ ರೀ" ಎಂದು ನಗುತ್ತಿದ್ದರು. ಮಗ್ಗಿ ಹೇಳಿಸಿದೆ. ಆ ಉದ್ದ ಕೋಣೆಯಲ್ಲಿ ದನಿ ಆ ತುದಿಗೆ ಹೋಗಿ ಬಡಿದು ಹಿಂದಿರುಗಿ ಮುಂದಿನ ಸಾಲಿನ ಮೇಲೆ ಬೀಳುತ್ತಿತ್ತು, ಯಾರು ಏನು ಹೇಳುತ್ತಿದ್ದಾರೆ ತಿಳಿಯುತ್ತಿರಲಿಲ್ಲ. ಆದರೂ ನಿಲ್ಲಿಸಲಿಲ್ಲ. ಹೇಳಿಸುತ್ತಲೇ ಹೋದೆ.

ಸುದ್ದಿ ಹೋಯಿತು. ಸಾವ್ಕಾರ್ರು ಬಂದರು, ಜೊತೆಗೆ ಮಾಮಾ. ಹಿಂದೆ ಊರಿನ ಹಿರಿಯರು, ಅವರಲ್ಲಿ ಬಸಣ್ಣನೂ ಇದ್ದ. ಸಾವ್ಕಾರ್ರು ಸಿಟ್ಟಾಗಲಿಲ್ಲ. ಕೈ ಮುಗಿದು, "ನೀಲಮ್ಮಾ, ನಿನ್ನ ಜಗಾಕ್ಕ ನಾ ಮೋಸ ಮಾಡ್ತೀನೇನು? ಈ ಒಂದ ಸುಗ್ಗಿ ದಾಟಲಿ" ಅಂದರು.

ನೀಲಮ್ಮ ಅವರನ್ನು ನೋಡಲೇ ಇಲ್ಲ. ಹಿರಿಯರ ಕಡೆ ತಿರುಗಿ ಕೇಳಿದಳು. "ನಿಮ್ಮ ಮುಂದ ಕೊಟ್ಟೀನಿ. ಯಾರಿಗಿ ಕೊಟ್ಟೆ, ಯಾತಕ್ಕ ಕೊಟ್ಟೆ, ನೀವರ ಹೇಳ್ರಿ."

ಒಬ್ಬರೂ ಬಾಯಿ ತೆರೆಯಲಿಲ್ಲ. ಹೊಲದಲ್ಲಿ ತೊಗರಿ ಹೂವು ಬಿಟ್ಟು ಕಾಯಿ ಕಟ್ಟುತ್ತಿತ್ತು. ಅದೆಲ್ಲ ಅದೇ ಅಡತಿಗೆ ಹೋಗಬೇಕು. ಬಿಟ್ಟಿ ಬಂಡಿ ಹೊಡೆದವರು, ನೀರು ಹೊತ್ತವರ ಗಂಡಂದಿರು, ಎಲ್ಲರೂ ಅಲ್ಲಿದ್ದರು. ಕೆಲವರು ತಮ್ಮ ಕೆರ ನೋಡಿಕೊಂಡರು, ಕೆಲವರು ಹೊಸ ಮಾಳಿಗೆಯ ತೊಲೆ ನೋಡಿದರು. ನೀಲಮ್ಮ ಕಾದಳು. ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿ ಮುಗಿಸಿ, ಹುಡುಗಿಯರ ಕಡೆ ತಿರುಗಿ, "ಏಳ್ರಿ ತಂಗೇರಾ. ಯಾರೂ ನಿಮ್ಮ ಮೈ ಮುಟ್ಟಿ ಹೊರಗ ಹಾಕೋದು ಬ್ಯಾಡ. ನಾವೇ ಹೋಗಾಮು" ಅಂದಳು.

ಹತ್ತುವುದು ಆಟವಾಗಿತ್ತು, ಇಳಿಯುವುದು ಆಗಲಿಲ್ಲ. ಸಣ್ಣವರು ಅಂಚಿಗೆ ಬಂದು ಹೆದರಿ ನಿಂತರು. ಆಗ ಮಾಮಾ ಮುಂದೆ ಬಂದು ಕೈ ಚಾಚಿದರು. ಒಬ್ಬೊಬ್ಬರನ್ನೇ ಕಂಕುಳಲ್ಲಿ ಹಿಡಿದು ಜೋಪಾನವಾಗಿ ಇಳಿಸಿದರು. ಶರಣಮ್ಮನ ಪಾಳಿ ಬಂದಾಗ ಅವಳು ಆ ಕೈ ನೋಡಿದಳು, ಪಕ್ಕಕ್ಕೆ ಸರಿದಳು, ಲಂಗ ಎತ್ತಿ ಕಟ್ಟಿ ಧೊಪ್ಪನೆ ಜಿಗಿದಳು. ಮೊಣಕಾಲು ತರಚಿತು. ನಾನೂ ಅವಳ ಹಿಂದೆಯೇ ಜಿಗಿದೆ.

ಸಂಜೆ ಟ್ರಂಕು ಕಟ್ಟುತ್ತಿದ್ದೆ. ಅಕ್ಕ ಬಂದು ಬಾಗಿಲಲ್ಲಿ ನಿಂತಳು. ಅವಳಾದರೂ ನನ್ನ ಕಡೆ ಇರುತ್ತಾಳೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಅವಳು ನನ್ನ ಕಡೆ ಇರುವುದಿಲ್ಲ ಎಂಬ ವಿಚಾರವೇ ನನಗೆ ಹೊಳೆದಿರಲಿಲ್ಲ.

"ನನಗ ಬ್ಯಾಸಗಿಯಿಂದ ಗೊತ್ತಿತ್ತು ಸುಶಿ" ಅಂದಳು.

ನನ್ನ ಕೈಯಲ್ಲಿ ಮಡಿಚಿದ ಸೀರೆ ಇತ್ತು. ಅದನ್ನು ಹಾಗೇ ಹಿಡಿದುಕೊಂಡು ನಿಂತೆ.

"ಗದ್ದಲದ ವರ್ಷ ನಾವು ಊರ ಬಿಟ್ಟು ಓಡಬೇಕಾಗಿತ್ತು. ರಜಾಕಾರರು ಓಣ್ಯಾಗ ಬಂದಾಗ ಸಾವ್ಕಾರ್ರು ನಮ್ಮಿಬ್ಬರ್ನ ತಮ್ಮ ಮನಿ ಅಟ್ಟದ ಮ್ಯಾಲ ಇಟ್ಟು ಉಳಸ್ಯಾರ. ನಾ ಆಗ ಬಸರಿ ಇದ್ದೆ. ಅವರು ಬಂದು ಹಿಂಗ ಮಾಡು ಅಂದ್ರ ನಿಮ್ಮ ಮಾಮಾ ಇಲ್ಲ ಅನ್ನಾಕ ಹ್ಯಾಂಗ ಆಗ್ತದ? ನಾನೇ ಅಂದೆ, ಒಪ್ಪಗೋರಿ ಅಂತ. ಸುಶಿಗಿ ಹೇಳಬ್ಯಾಡ್ರಿ ಅಂದಾಕೀನೂ ನಾನೇ."

ಅವಳಿಗೆ ಕಾರಣವಿತ್ತು. ಆ ವರ್ಷದ ಭಯ ಎಂಥದು ಎಂದು ನನಗೂ ಗೊತ್ತು. ಆದರೆ ಆ ಹೊತ್ತಿಗೆ ನನಗೆ ಕಂಡದ್ದು ಬೇರೆ. ಊಟಕ್ಕೆ ಕೂತಾಗ ಹೊಸ ಶಾಲೆಯ ಬಗ್ಗೆ ನಾನು ಬಡಬಡಿಸುತ್ತಿದ್ದ ಅಷ್ಟೂ ದಿನ ಅವಳು ಹೂಂ ಹೂಂ ಎನ್ನುತ್ತ ತುಪ್ಪ ಬಡಿಸಿದ್ದಳು. ಮಾಮಾ ಸುಳ್ಳು ಹೇಳಿದ್ದನ್ನು ಸಹಿಸಬಹುದಿತ್ತೇನೋ. ಆ ತುಪ್ಪವನ್ನು ಸಹಿಸಲಾಗಲಿಲ್ಲ.

"ನಿಮ್ಮ ಜೀವದ ಋಣ ನೀವು ತೀರಸ್ರಿ ಅಕ್ಕಾ" ಅಂದೆ. "ನೀಲಮ್ಮನ ಜಗಾ ಕೊಟ್ಟು ಯಾಕ ತೀರಸ್ತೀರಿ?"

ಅವಳು ಟ್ರಂಕಿನ ಒಂದು ಬದಿ ಹಿಡಿದು ಎತ್ತಲು ಬಂದಳು. ಬೇಡ ಎಂದೆ.

ಸೇಡಂನಲ್ಲಿ ಉಳಿದ ತಿಂಗಳುಗಳನ್ನು ನೀಲಮ್ಮನ ಮನೆಯಲ್ಲಿ ಕಳೆದೆ. ಸುಗ್ಗಿ ಬಂತು, ತೊಗರಿ ಬಂತು. ಹೊಸ ಕಟ್ಟಡ ಮಾಳಿಗೆಯವರೆಗೆ ತುಂಬಿತು. ಸುಗ್ಗಿ ಮುಗಿದ ಮೇಲೆ ಕಡಲೆ, ಕುಸುಬಿ ಬಂದವು. ಯಾರೂ ಏನೂ ಕೇಳಲಿಲ್ಲ. ಗಾಣದ ಮನೆಯಲ್ಲಿ ಶಾಲೆ ನಡೆಯುತ್ತಲೇ ಇತ್ತು, ಸಣ್ಣ ಹುಡುಗಿಯರಿಗಷ್ಟೇ. ದೊಡ್ಡವರು ಒಬ್ಬೊಬ್ಬರಾಗಿ ಬಿಟ್ಟರು. ಬಸಣ್ಣ ಹೇಳಿದ ಮಾತಿನಂತೆ ಶರಣಮ್ಮನ ಮದುವೆ ಮಾಡಿದ, ಚಿಂಚೋಳಿ ಕಡೆಯ ಹಳ್ಳಿಗೆ ಕೊಟ್ಟ. ಮದುವೆಯಲ್ಲಿ ಅವಳು ತಲೆ ಬಗ್ಗಿಸಿ ಕೂತಿದ್ದಳು. ಅಕ್ಷತೆ ಹಾಕುವಾಗ ಮುಖ ಎತ್ತಿ ನನ್ನನ್ನು ನೋಡಿ, ಮತ್ತೆ ಬಗ್ಗಿಸಿದಳು. ಬಸಣ್ಣ ನನ್ನ ಹತ್ತಿರ ಬಂದು, "ಅಕ್ಕೋರೆ, ನನ್ನ ಮ್ಯಾಲ ಸಿಟ್ಟು ಮಾಡಬ್ಯಾಡ್ರಿ. ಗ್ವಾಡಿ ಆಗತಾವ ಅಂತ ನೀವೇ ಹೇಳಿದ್ರಿ" ಅಂದ. ಅವನು ಚುಚ್ಚಲು ಹೇಳಿದ್ದಲ್ಲ. ಅದಕ್ಕೇ ಅದು ಇನ್ನೂ ಚುಚ್ಚುತ್ತದೆ.

ಮುಂದಿನ ವರ್ಷ ನಾನೇ ಕೇಳಿಕೊಂಡು ವಾಡಿಗೆ ವರ್ಗ ಮಾಡಿಸಿಕೊಂಡೆ. ನನ್ನ ಮದುವೆಯಾಯಿತು, ಮಕ್ಕಳಾದರು, ಕರ್ನಾಟಕವೂ ಒಂದಾಯಿತು. ಅಕ್ಕನೂ ನಾನೂ ಮದುವೆ ಮುಂಜಿಗಳಲ್ಲಿ ಸಿಗುತ್ತಿದ್ದೆವು. ಮಕ್ಕಳ ಓದು, ಉಪ್ಪಿನಕಾಯಿ, ಮೊಣಕಾಲು ನೋವು ಎಲ್ಲ ಮಾತಾಡುತ್ತಿದ್ದೆವು. ಸೇಡಂ ಎಂಬ ಊರಿನ ಹೆಸರು ಮಾತ್ರ ನಮ್ಮಿಬ್ಬರ ನಡುವೆ ಬರುತ್ತಿರಲಿಲ್ಲ. ಮಾಮಾ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು, ನನಗಿಂತ ಅಷ್ಟು ದೊಡ್ಡವರು. ನಾನು ನಮಸ್ಕಾರ ಮಾಡಿ ಒಳಗೆ ಹೋಗುತ್ತಿದ್ದೆ.

ಮಾಮಾ ತೀರಿಕೊಂಡ ಮೇಲೆ, ಅವರು ಕೊನೆಗೆ ನೆಲೆಸಿದ್ದ ಕಲಬುರಗಿಯ ಮನೆಯ ಮುಂದೆ ಚಪ್ಪರ ಹಾಕಿ ಗಣಾರಾಧನೆ ಇಟ್ಟಿದ್ದರು. ಊಟಕ್ಕೆ ಮುಂಚೆ ಬಂದವರು ನಾಲ್ಕು ನಾಲ್ಕು ಮಾತಾಡಿದರು. ಅವರ ಜೊತೆ ಕೆಲಸ ಮಾಡಿದ ಒಬ್ಬ ಹಿರಿಯರು ಎದ್ದು, "ಸೇಡಂದಾಗ ಹೆಣ್ಮಕ್ಕಳ ಸಾಲಿ ಕಟ್ಟಿದ ಪುಣ್ಯಾತ್ಮರು ಇವರು. 'ನಾ ಕಟ್ಟಿದ ಮೊದಲ್ನೇ ಸಾಲಿ' ಅಂತ ಯಾವಾಗಲೂ ಹೇಳ್ತಿದ್ರು" ಅಂದರು. ಸಭೆ ತಲೆದೂಗಿತು. ನಾನು ಹೆಂಗಸರ ನಡುವೆ ಕೂತಿದ್ದೆ. ಎದ್ದು ಹೊರಗೆ ಹೋಗಬೇಕೆಂದು ಮಡಚಿದ್ದ ಕಾಲು ಬಿಚ್ಚಿದೆ.

ಅಷ್ಟರಲ್ಲಿ ಮುಂದೆ ಕೂತಿದ್ದ ಅಕ್ಕ, ಬಿಳಿ ಸೀರೆಯ ಸೆರಗು ತಲೆಯ ಮೇಲೆ ಎಳೆದುಕೊಂಡು ಹೇಳಿದಳು. "ಸಾಲಿ ಅಲ್ರೀ ಅದು. ಗೋದಾಮ. ಸಾಲಿ ಅಂತ ಹೇಳಿ ಗೋದಾಮ ಕಟ್ಟಿದ್ವಿ. ನಾನೂ ಇದ್ದೆ."

ಹಿರಿಯರು ನಿಂತೇ ಇದ್ದರು. ಯಾರದೋ ಮಗು ಅತ್ತಿತು. ಅಕ್ಕನ ಮಗ ಹತ್ತಿರ ಬಂದು, "ಅವ್ವಾ, ಸುಮ್ಮ ಇರು" ಎಂದು ಭುಜ ಮುಟ್ಟಿದ. ಅವಳು ಹೇಳುವುದನ್ನು ಹೇಳಿ ಆಗಿತ್ತು. ಹಿಂದೆ ತಿರುಗಿ ನಾನು ಎಲ್ಲಿದ್ದೇನೆಂದು ಹುಡುಕಲಿಲ್ಲ.

ಅವಳ ಬಾಯಿಂದ ಆ ಮಾತು ಬರಲಿ ಎಂದು ಎಷ್ಟು ವರ್ಷ ಕಾದಿದ್ದೆ. ಬಂದಾಗ ನನಗೆ ಸಂತೋಷವೂ ಆಗಲಿಲ್ಲ, ಎದೆ ಹಗುರವೂ ಆಗಲಿಲ್ಲ. ನೀಲಮ್ಮ ಸತ್ತು ಬಹಳ ಕಾಲವಾಗಿತ್ತು. ಆ ದಿನ ಅಷ್ಟು ಜನರ ಮುಖ ಒಂದೊಂದಾಗಿ ನೋಡುತ್ತ ಅವಳು ಕಾದದ್ದು ಇದೇ ಒಂದು ಮಾತಿಗೆ.